ಕೇಳಿದ್ರೆ ಸಾಕು, ಹುಟ್ಟಿಬಿಡುತ್ತೆ!

ಪರ್ಲ್‌ನಲ್ಲಿ ಹ್ಯಾಶ್ ಒಳಗೆ ಹ್ಯಾಶ್ ಇಡೋದು ಸುಲಭ ಅಂತ ನಾವೆಲ್ಲ ಖುಷಿಪಡ್ತೀವಿ. ಯುಎಸ್‌ಎನ್ ಒಳಗೆ ಸಬ್ಜೆಕ್ಟ್, ಅದರೊಳಗೆ ಮಾರ್ಕ್ಸ್. ಮಧ್ಯದ ಹ್ಯಾಶ್ ಇಲ್ಲದಿದ್ರೂ ಪರ್ಲ್ ತಾನೇ ಮಾಡಿಕೊಡುತ್ತೆ. ಇದಕ್ಕೆ ಆಟೋವಿವಿಫಿಕೇಶನ್ ಅಂತಾರೆ. (ವೈವಾದಲ್ಲಿ ಈ ಹೆಸರು ಹೇಳೋದೇ ಒಂದು ಪರೀಕ್ಷೆ!)

ಬರೆಯುವಾಗ ಇದು ವರವೇ. ಆದರೆ ಬರೀ ಇದೆಯಾ ಅಂತ ಕೇಳುವಾಗಲೂ ಹೀಗೆ ಮಾಡೋದು ಸರಿಯಲ್ಲ ಅನ್ನೋದು ನಮ್ಮ ವಾದ. ಕ್ಲಾಸಲ್ಲಿ 60 ಜನ ಇದ್ದಾರೆ ಅಂದ್ಕೊಳ್ಳಿ. ಪಟ್ಟಿಯಲ್ಲೇ ಇಲ್ಲದ ಒಂದು ಯುಎಸ್‌ಎನ್ ಕೊಟ್ಟು, ಅದಕ್ಕೆ ಗಣಿತದ ಮಾರ್ಕ್ಸ್ ಇದೆಯಾ ಅಂತ 'ಎಕ್ಸಿಸ್ಟ್ಸ್' ಹಾಕಿ ಕೇಳಿ. ಇಲ್ಲ ಅನ್ನುತ್ತೆ. ಉತ್ತರ ಸರಿಯೇ. ಆದರೆ ಕೇಳಿದ್ದಕ್ಕೇ ಆ ಯುಎಸ್‌ಎನ್ ಹೆಸರಲ್ಲಿ ಖಾಲಿ ಹ್ಯಾಶ್ ಒಂದು ಹುಟ್ಟಿರುತ್ತೆ. ಈಗ ಎಣಿಸಿದ್ರೆ 61! ಅದರಿಂದ ಭಾಗಿಸಿದ್ರೆ ಇಡೀ ಕ್ಲಾಸಿನ ಸರಾಸರಿ ಇಳಿಯುತ್ತೆ. 'ಯೂಸ್ ಸ್ಟ್ರಿಕ್ಟ್' ಇದ್ರೂ ಎರರ್ ಬರಲ್ಲ. ಪೈಥಾನ್‌ನ ಸಾದಾ ಡಿಕ್ಷನರಿಯಲ್ಲಿ ಇಲ್ಲದ ಕೀ ಮುಟ್ಟಿದ್ರೆ ಎರರ್ ಕೊಟ್ಟು ನಿಂತುಬಿಡುತ್ತೆ. ಬೈದ್ರೂ ಪರವಾಗಿಲ್ಲ, ತಪ್ಪು ಲೆಕ್ಕ ಕೊಡಲ್ಲ.

ಔಟ್‌ಪುಟ್ ಬಂತು, ರೆಕಾರ್ಡ್‌ಗೆ ಸೈನ್ ಆಯ್ತು ಅಂತ ನಾವು ಎದ್ದು ಹೋಗೋ ಲ್ಯಾಬಲ್ಲಿ ಇದು ಯಾರ ಕಣ್ಣಿಗೂ ಬೀಳಲ್ಲ. ಹ್ಯಾಶ್ ಕಲಿಸೋ ದಿನವೇ ಇದನ್ನೂ ತೋರಿಸಬೇಕು. ಮೊದಲು ಹೊರಗಿನ ಕೀ ಇದೆಯಾ ನೋಡೋದು, ಆಮೇಲೆ ಒಳಗಿನದು. ಒಂದೇ ಕಂಡೀಷನ್ ಜಾಸ್ತಿ, ಅಷ್ಟೇ.