ಬುಟ್ಟಿ ನಮ್ಮದು, ಬಿಲ್ಲು ಯಾರದು?

ಕಮಲಾಪುರ ತಾಲ್ಲೂಕಿನ ನಮ್ಮ ಕೇರಿಯಲ್ಲಿ ಒಂದು ಸಮುದಾಯ ಭವನ ಇದೆ. ಇದೆ ಅಂದರೆ ನಿಂತಿದೆ, ಅಷ್ಟೆ. ಮೊದಲ ಮಳೆಗಾಲಕ್ಕೆ ಗೋಡೆ ಸೀಳಿತು. ಎರಡನೆಯ ಮಳೆಗಾಲಕ್ಕೆ ಆ ಸೀಳಿನೊಳಗೆ ಕೈ ಹೋಗುವಂತಾಯಿತು. ಈಗ ಅದರೊಳಗೆ ಮದುವೆ ಆಗುವುದಿಲ್ಲ, ಜಯಂತಿ ಆಗುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಊರ ಆಡುಗಳು ಮಲಗುತ್ತವೆ. ಬಾಗಿಲ ಮೇಲೆ ಮಾತ್ರ ಬಾಬಾಸಾಹೇಬರ ಹೆಸರು ದೊಡ್ಡ ಅಕ್ಷರದಲ್ಲಿದೆ.

ಅದರ ಬುನಾದಿಯ ಮಣ್ಣು ಹೊತ್ತವರು ನಮ್ಮವ್ವಂದಿರು. ಛತ್ತಿಗೆ ಖಡಿ ಹೊತ್ತವರು ನಮ್ಮಕ್ಕಂದಿರು. ಒಂದು ಸಂಜೆ ಕೇರಿಯ ಆಯಿ ನಮ್ಮನ್ನು ನಿಲ್ಲಿಸಿ ಕೇಳಿದಳು: "ಸಾಲಿ ಕಲ್ತೀರಿ, ಪ್ಯಾಟಿಗೆ ಹೋಗಿ ದೊಡ್ಡ ದೊಡ್ಡ ಪುಸ್ತಕ ಓದೀರಿ. ಈ ಗ್ವಾಡಿ ಯಾಕ ಒಡದದ, ಕಾಗದದಾಗ ನೋಡಿ ಹೇಳ್ರೋ ಯಪ್ಪಾ."

ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಂಡವರು ನಾವು. ಕವಿತೆ ಓದಿದ್ದೆವು, ಬರೆದಿದ್ದೆವು. ಅಂದಾಜುಪಟ್ಟಿ ಓದಿರಲಿಲ್ಲ. ಆಯಿಯ ಮಾತು ಚುಚ್ಚಿತು. ಕಲಬುರಗಿಗೆ ಬಸ್ಸು ಹತ್ತಿದೆವು. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ, "ಸಾಹೇಬ್ರು ಸೈಟಿಗೆ ಹೋಗ್ಯಾರ, ನಾಳಿಗಿ ಬರ್ರಿ" ಎಂಬ ಮಾತಿನಿಂದ ಅದೇ ಮಾತಿಗೆ ಅಲೆದು ಕೊನೆಗೆ ಕಾಗದ ತಂದೆವು. ಓದಿದೆವು. ಗೋಡೆ ಯಾಕೆ ಒಡೆಯಿತೆಂದು ಅದರೊಳಗೆ ಬರೆದೇ ಇತ್ತು, ಓದಲು ಬರುವವರಿಗೆ.

ಒಂದು: ಎರಿಮಣ್ಣಿನ ಮೇಲೆ ಕಟ್ಟುವ ಮನೆಗೆ ಗಟ್ಟಿ ನೆಲದ ಬುನಾದಿ ಬರೆದಿದ್ದರು. ಎರಡು: ಗುತ್ತಿಗೆ ಹಿಡಿದವ ಅಂದಾಜಿಗಿಂತ ಬಹಳ ಕೆಳಗಿನ ದರ ಹಾಕಿದ್ದ. ಮೂರು: ಗುತ್ತಿಗೆದಾರನ ಹೆಸರು ನಮ್ಮವನದೇ. ಆದರೆ ಆ ನಮ್ಮವನು ಒಂದು ದಿನವೂ ಅಲ್ಲಿ ಬಂದು ನಿಂತದ್ದನ್ನು ನಮ್ಮವ್ವಂದಿರು ಕಂಡಿಲ್ಲ.

ಈ ಮೂರು ಗಂಟು ಬಿಚ್ಚಿ ನೋಡೋಣ. ನಮ್ಮ ಕೇರಿಯ ಕಥೆ ಇದಾದರೆ ನಿಮ್ಮ ಕೇರಿಯದೂ ಇದೇ ಇರಬಹುದು.

ಎರಿಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಇದು ಹೊಲದಲ್ಲಿ ಕಳೆ ಕೀಳುವ ಹುಡುಗಿಗೂ ಗೊತ್ತು. ಇಂಥ ನೆಲದಲ್ಲಿ ಬುನಾದಿ ಆಳಕ್ಕೆ ಇಳಿಯಬೇಕು. ಇಲ್ಲವೇ ಎರಿ ತೆಗೆದು ಮುರುಮ್ ತುಂಬಿ ಬಡಿಯಬೇಕು. ಇಲ್ಲವೇ ಬುಡದಲ್ಲಿ ಗಡ್ಡೆಯ ಹಾಗೆ ಉಬ್ಬಿದ ಕಾಂಕ್ರೀಟು ಕಂಬ ಇಳಿಸಿ ಮೇಲೆ ತೊಲೆ ಕಟ್ಟಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದರ ಲೆಕ್ಕವನ್ನೆಲ್ಲ ದಶಕಗಳ ಹಿಂದೆಯೇ ಬರೆದಿಟ್ಟಿದೆ. ಆದರೆ ಕೇರಿಯ ಭವನಕ್ಕೆ ಮಣ್ಣು ಪರೀಕ್ಷೆ ಯಾಕೆ? ಒಂದು ಊರಿನ ಅಂದಾಜುಪಟ್ಟಿಯನ್ನೇ ಇನ್ನೊಂದು ಊರಿನ ಹೆಸರು ಹಾಕಿ ನಕಲು ಹೊಡೆದರೆ ಮುಗಿಯಿತು! ಟೆಂಡರಿನ ಮೊದಲ ಮೋಸ ಟೆಂಡರು ಕರೆಯುವ ಮೊದಲೇ ಆಗಿರುತ್ತದೆ. ಅದು ಯಾವ ಲೆಕ್ಕ ತಪಾಸಣೆಯ ಕಣ್ಣಿಗೂ ಮೊದಲು ಗೋಡೆಯಲ್ಲಿ ಕಾಣುತ್ತದೆ.

ಎರಡನೆಯ ಗಂಟು, ದರ. 1999ರಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಬಂತು. 2000ದಲ್ಲಿ ಜಾರಿಯಾಯಿತು. ಅದಕ್ಕೆ ಮೊದಲು ಗುತ್ತಿಗೆ ಎಂದರೆ ಗೌಡರ ಅಂಗಳದಲ್ಲಿ ಹಂಚುವ ಪ್ರಸಾದವಾಗಿತ್ತು. ಕಾಯ್ದೆ ಹೇಳಿತು: ಟೆಂಡರನ್ನು ಬಹಿರಂಗವಾಗಿ ಕರೆಯಿರಿ, ಸಾಕಷ್ಟು ದಿನ ಕೊಡಿ, ಯಾರನ್ನು ಹೇಗೆ ಆರಿಸುತ್ತೀರೆಂದು ಮೊದಲೇ ಬರೆದು ಹೇಳಿ. ತಕರಾರಿದ್ದ ಟೆಂಡರುದಾರ 30 ದಿನದೊಳಗೆ ಮೇಲ್ಮನವಿ ಹಾಕಲಿ. ಒಳ್ಳೆಯ ಮಾತುಗಳೇ. ನಾವು ಈ ಕಾಯ್ದೆಯ ವೈರಿಗಳಲ್ಲ. ನಮ್ಮ ತಕರಾರು ಬೇರೆ. ಮೇಲ್ಮನವಿಯ ಹಕ್ಕು ಟೆಂಡರು ಹಾಕಿದವನಿಗೆ ಉಂಟು. ಆ ಛತ್ತಿನ ಕೆಳಗೆ ಕೂಡ್ರುವವರಿಗೆ ಇಲ್ಲ. ಆ ಛತ್ತಿಗೆ ಖಡಿ ಹೊತ್ತವರಿಗೂ ಇಲ್ಲ.

ಎಲ್ಲರಿಗಿಂತ ಕಡಿಮೆ ದರ ಹಾಕಿದವನಿಗೇ ಕೆಲಸ ಎಂಬುದನ್ನು ನಮ್ಮ ಕಚೇರಿಗಳು ಮಂತ್ರದ ಹಾಗೆ ಜಪಿಸುತ್ತವೆ. ಅರ್ಹತೆ ನೋಡಿ, ತೂಗಿ, ಆಮೇಲೆ ಕಡಿಮೆ ದರ ನೋಡಬೇಕು ಎಂಬುದು ಕಾಯ್ದೆಯ ಅರ್ಥ. ಆದರೆ ತೂಗುವ ಕೆಲಸ ಮರೆತು ಕಡಿಮೆಯನ್ನಷ್ಟೇ ನೆನಪಿಡುತ್ತಾರೆ. ಅಂದಾಜಿಗಿಂತ ಬಹಳ ಕೆಳಗೆ ದರ ಹಾಕಿದವನನ್ನು ಕೂರಿಸಿ ಕೇಳಬೇಕು: ಏನಪ್ಪಾ, ಇಷ್ಟರಲ್ಲಿ ಹ್ಯಾಂಗ ಕಟ್ಟತಿ? ಸಿಮೆಂಟಿಗೆ ಎಷ್ಟು, ಸಲಾಕಿಗೆ ಎಷ್ಟು, ಕೂಲಿಗೆ ಎಷ್ಟು? ಈ ಲೆಕ್ಕ ಕೇಳದೆ ಕೆಲಸ ಕೊಟ್ಟರೆ ಆಗುವುದೇನು? ಸಿಮೆಂಟಿನ ದರ ಕಂಪನಿ ಹೇಳುತ್ತದೆ. ಸಲಾಕಿಯ ದರ ಪೇಟೆ ಹೇಳುತ್ತದೆ. ಕೂಲಿಯ ದರವನ್ನು ಮಾತ್ರ ಗುತ್ತಿಗೆದಾರನೇ ಹೇಳುತ್ತಾನೆ. ಆದ್ದರಿಂದ ಕಡಿಮೆ ಟೆಂಡರಿನ ಪೆಟ್ಟು ಮೊದಲು ನಮ್ಮವ್ವನ ಬುಟ್ಟಿಗೆ ಬೀಳುತ್ತದೆ, ಆಮೇಲೆ ಗೋಡೆಗೆ.

ಸರ್ಕಾರಿ ಗುತ್ತಿಗೆಯಲ್ಲಿ ದುಡಿಯುವವರಿಗೆ ಆ ಸೀಮೆಯ ನ್ಯಾಯವಾದ ಕೂಲಿಗಿಂತ ಕಡಿಮೆ ಕೊಡಬಾರದು, ಆ ಷರತ್ತು ಗುತ್ತಿಗೆ ಪತ್ರದಲ್ಲೇ ಇರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1949ರಲ್ಲೇ ಒಪ್ಪಂದ ಮಾಡಿತು. ಭಾರತ ಅದನ್ನು ಅನುಮೋದಿಸಿಲ್ಲ. ಅದಕ್ಕೂ ಮೊದಲು, 1942ರಿಂದ 1946ರವರೆಗೆ, ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಕೇಂದ್ರದ ಲೋಕೋಪಯೋಗಿ ಇಲಾಖೆಯೂ ಅವರ ಕೈಕೆಳಗಿತ್ತು. ಕಾರ್ಮಿಕ ಮತ್ತು ಕಟ್ಟಡ ಒಂದೇ ಮೇಜಿನ ಮೇಲಿದ್ದ ಕಾಲ ಅದು. ಇವತ್ತು ಕಟ್ಟಡದ ಕಡತ ಒಂದು ಕಚೇರಿಯಲ್ಲಿ, ಕಾರ್ಮಿಕನ ಕಡತ ಇನ್ನೊಂದು ಕಚೇರಿಯಲ್ಲಿ. ನಡುವಿನ ದಾರಿಯಲ್ಲಿ ಕೂಲಿ ಕಳೆದುಹೋಗುತ್ತದೆ.

ಮೂರನೆಯ ಗಂಟು ನಮ್ಮ ಕೊರಳಿನದು. ಇದನ್ನು ಬಿಚ್ಚುವಾಗ ನಮಗೇ ನೋವಾಗುತ್ತದೆ. ಆದರೂ ಬಿಚ್ಚಬೇಕು.

2017ರಿಂದ ಈ ರಾಜ್ಯದಲ್ಲಿ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ನೂರಕ್ಕೆ 17.15, ಪಂಗಡದವರಿಗೆ 6.95 ಮೀಸಲು ಬಂತು. 2023ರಲ್ಲಿ ಮಿತಿಯನ್ನು 1 ಕೋಟಿಗೆ ಏರಿಸಿದರು. 2025ರ ಮಾರ್ಚಿನಲ್ಲಿ ಅದನ್ನು 2 ಕೋಟಿಗೆ ಏರಿಸುವ, ಮುಸ್ಲಿಮರನ್ನೂ ಸೇರಿಸುವ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗೆ ಕಳಿಸಿದರು. ಮುಸ್ಲಿಮರಿಗೆ ಯಾಕೆ ಎಂದು ಊರೆಲ್ಲ ಗದ್ದಲವಾಯಿತು. ಕಲ್ಲು ಒಡೆಯುವಾಗ, ಗಾರೆ ಕಲಸುವಾಗ ಯಾರೂ ಜಾತಿ ಧರ್ಮ ಕೇಳಿರಲಿಲ್ಲ. ಬಿಲ್ಲು ಬರೆಯುವಾಗ ಮಾತ್ರ ಎಲ್ಲರಿಗೂ ಧರ್ಮ ನೆನಪಾಯಿತು.

ಇರಲಿ. ಮೀಸಲು ಬಂತು. ಬಂದು ಏನಾಯಿತು? ಲೈಸೆನ್ಸು ನಮ್ಮ ಹುಡುಗನದು, ರೊಕ್ಕ ಸಾಹುಕಾರನದು. ಠೇವಣಿ ಅವನೇ ಕಟ್ಟುತ್ತಾನೆ, ಬ್ಯಾಂಕಿನ ಖಾತರಿ ಅವನೇ ತರುತ್ತಾನೆ, ಚೆಕ್ ಪುಸ್ತಕಕ್ಕೆ ಮೊದಲೇ ಸಹಿ ಮಾಡಿಸಿ ಇಟ್ಟುಕೊಳ್ಳುತ್ತಾನೆ. ನಮ್ಮ ಹುಡುಗನಿಗೆ ಹೆಸರಿನ ಬಾಡಿಗೆ ಸಿಗುತ್ತದೆ. ಹಿಂದೆ ನಮ್ಮ ಅಜ್ಜಂದಿರ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡರು. ಈಗ ಮೊಮ್ಮಕ್ಕಳ ಸಹಿ ಹಾಕಿಸಿಕೊಂಡು ಗುತ್ತಿಗೆ ಬರೆಸಿಕೊಳ್ಳುತ್ತಾರೆ. ಅಕ್ಷರ ಕಲಿತದ್ದು ಇದಕ್ಕೇನು?

ಹೆಸರು ಮಾರಿದ ನಮ್ಮವನನ್ನು ನಾವು ಕ್ಷಮಿಸುವುದಿಲ್ಲ. ಆದರೆ ಅವನು ಯಾಕೆ ಮಾರಿದ ಎಂದು ಕೇಳದೆ ಬಿಡುವುದೂ ಇಲ್ಲ. ಕೆಲಸ ಮುಗಿದು ಅಳತೆ ಪುಸ್ತಕ ಬರೆದ ಮೇಲೂ ಬಿಲ್ಲಿಗಾಗಿ ತಿಂಗಳುಗಟ್ಟಲೆ ಅಲೆಯಬೇಕು. ಹೊಲ ಇದ್ದವನು ತಡೆದುಕೊಳ್ಳುತ್ತಾನೆ. ಬಡ್ಡಿಗೆ ತಂದವನು ಮುಳುಗುತ್ತಾನೆ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು, ನೂರಕ್ಕೆ 40ರವರೆಗೆ ಕಮಿಷನ್ ಹೋಗುತ್ತದೆ ಎಂದು ದೂರಿತು. ಪಕ್ಷಗಳು ಆ ನಲವತ್ತನ್ನು ಚುನಾವಣೆಯ ಘೋಷಣೆ ಮಾಡಿಕೊಂಡವು. ದೂರು ನಿಜವಾದರೆ, ಉಳಿದ ಅರವತ್ತರಲ್ಲಿ ಬುನಾದಿಗೆಷ್ಟು, ಕೂಲಿಗೆಷ್ಟು ಎಂದು ಯಾವ ಪಕ್ಷವೂ ಕೇಳಲಿಲ್ಲ.

ಮೀಸಲಿನಿಂದ ತಪ್ಪಿಸಿಕೊಳ್ಳುವ ದಾರಿಗಳೂ ಇವೆ. ಹತ್ತು ಸಣ್ಣ ಕೆಲಸಗಳನ್ನು ಒಂದೇ ಕಟ್ಟು ಕಟ್ಟಿ ‘ಪ್ಯಾಕೇಜ್’ ಅನ್ನಿ. ಮೊತ್ತ ಮಿತಿ ದಾಟಿತು, ಮೀಸಲು ಹೋಯಿತು, ಸಣ್ಣ ಗುತ್ತಿಗೆದಾರ ಹೊರಗೆ ನಿಂತ. ಟೆಂಡರೇ ಬೇಡ ಅನ್ನಿಸಿದರೆ ಉಲ್ಟಾ ಮಾಡಿ. ಒಂದು ದೊಡ್ಡ ಕೆಲಸವನ್ನು ಕಡಿದು ತುಂಡು ಗುತ್ತಿಗೆ ಮಾಡಿ. ಅದೂ ಬೇಡವಾದರೆ ಕಾಯ್ದೆಯ 4ನೆಯ ಕಲಮಿನಲ್ಲಿ ‘ಜಿ’ ಅಂತ ಒಂದು ಕಿಂಡಿ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿದರೆ ಟೆಂಡರಿಲ್ಲದೆ ಕೆಲಸ ಕೊಡಬಹುದು. ನೆರೆ ಬಂದಾಗ, ಸೇತುವೆ ಕುಸಿದಾಗ ಕಿಂಡಿ ಬೇಕು, ಒಪ್ಪೋಣ. ಆದರೆ ಕಿಂಡಿಯೇ ಹೆಬ್ಬಾಗಿಲಾದರೆ ಗೋಡೆ ಯಾತಕ್ಕೆ? 1974ರಲ್ಲಿ ಲ್ಯಾಂಡ್ ಆರ್ಮಿ ಹುಟ್ಟಿದ್ದು ನಡುವಿನ ಗುತ್ತಿಗೆದಾರನನ್ನು ತೆಗೆದು ಹಳ್ಳಿಯ ಕೈಗಳಿಗೆ ನೇರವಾಗಿ ಕೆಲಸ ಕೊಡಲಿಕ್ಕೆ. ಆ ಕನಸು ಒಳ್ಳೆಯದೇ. ಹಾಗಾದರೆ ಟೆಂಡರಿಲ್ಲದೆ ಕೆಲಸ ಪಡೆಯುವ ಯಾವುದೇ ಸಂಸ್ಥೆ, ಯಾವ ಕೈಗಳಿಗೆ ಎಷ್ಟು ದಿನ ಎಷ್ಟು ಕೂಲಿ ಕೊಟ್ಟೆವು ಎಂಬ ಹಾಜರಿ ಪಟ್ಟಿಯನ್ನು ಊರಿನ ಗೋಡೆಗೆ ಅಂಟಿಸಲಿ. ಅಷ್ಟೇ ನಮ್ಮ ಬೇಡಿಕೆ.

ಈ ಹಣ ಯಾರ ಹೆಸರಿನಲ್ಲಿ ಬರುತ್ತದೆ? 2002ರಲ್ಲಿ ನಂಜುಂಡಪ್ಪ ಸಮಿತಿ ಈ ಸೀಮೆಯ ಹಿಂದುಳಿದ ಸ್ಥಿತಿಯನ್ನು ತಾಲ್ಲೂಕು ತಾಲ್ಲೂಕಾಗಿ ಅಳೆದು ಬರೆಯಿತು. 2012ರಲ್ಲಿ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371(ಜೆ) ಸಿಕ್ಕಿತು. ಕಲಬುರಗಿಯಲ್ಲಿ ಅಭಿವೃದ್ಧಿ ಮಂಡಳಿ ಕೂತಿದೆ. 2017ರ ಬಜೆಟ್ಟಿನಲ್ಲಿ ಕಮಲಾಪುರ ಹೊಸ ತಾಲ್ಲೂಕೆಂದು ಘೋಷಣೆಯಾಯಿತು. ಹೊಸ ತಾಲ್ಲೂಕು ಅಂದರೆ ಹೊಸ ಕಚೇರಿ, ಹೊಸ ವಸತಿನಿಲಯ, ಹೊಸ ರಸ್ತೆ. ಅಂದರೆ ಹೊಸ ಟೆಂಡರು. ನಮ್ಮ ಬಡತನ ತೋರಿಸಿ ತಂದ ರೊಕ್ಕದಲ್ಲಿ ನಮ್ಮ ಮಕ್ಕಳ ತಲೆಯ ಮೇಲೆ ಬೀಳುವ ಛತ್ತು ಕಟ್ಟಿದರೆ ಸುಮ್ಮನಿರಬೇಕೇನು?

ಮತ್ತೇನು ಮಾಡೋಣ? 1994ರಲ್ಲಿ ರಾಜಸ್ಥಾನದ ಬಡ ಕೂಲಿಗಳು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಜೊತೆ ಸೇರಿ ಊರ ನಡುವೆ ಸಭೆ ಕರೆದು, ಕಾಮಗಾರಿಯ ಬಿಲ್ಲು, ಹಾಜರಿ ಪಟ್ಟಿ ಗಟ್ಟಿಯಾಗಿ ಓದಿಸಿದರು. ಆ ಸಭೆಗಳ ಕೆಂಡದಿಂದಲೇ 2005ರ ಮಾಹಿತಿ ಹಕ್ಕು ಕಾಯ್ದೆ ಹೊತ್ತಿಕೊಂಡಿತು. ಆ ಕಾಯ್ದೆ ಬರೀ ಕಾಗದದ ನಕಲು ಕೊಡುವುದಲ್ಲ. ನಡೆಯುತ್ತಿರುವ ಕಾಮಗಾರಿಯನ್ನು ಹೋಗಿ ನೋಡುವ, ಅದರ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಬಡತನ ರೇಖೆಯ ಕೆಳಗಿನವರಿಗೆ ಶುಲ್ಕವೂ ಇಲ್ಲ. ಖಡಿ ಹೊತ್ತ ನಮ್ಮಕ್ಕ ಅದೇ ಛತ್ತಿನ ಕಾಂಕ್ರೀಟಿನ ಚೂರು ಕೇಳಬಹುದು ಎಂದು ನಮಗೆ ಯಾವ ಮಾಸ್ತರನೂ ಹೇಳಿಕೊಟ್ಟಿರಲಿಲ್ಲ.

ಆದ್ದರಿಂದ ನಾವು ಕೇಳುತ್ತೇವೆ. ಟೆಂಡರಿಗೆ ಮೊದಲೇ ಅಂದಾಜುಪಟ್ಟಿ ಮತ್ತು ಮಣ್ಣಿನ ಪರೀಕ್ಷೆಯನ್ನು ಕನ್ನಡದಲ್ಲಿ ಕೇರಿಯಲ್ಲಿ ಓದಿ ಹೇಳಬೇಕು. ಬಹಳ ಕಡಿಮೆ ದರ ಹಾಕಿದವನ ಲೆಕ್ಕ ಬಹಿರಂಗವಾಗಬೇಕು. ಕೂಲಿಯನ್ನು ಟೆಂಡರಿನ ಪೈಪೋಟಿಯಿಂದ ಹೊರಗಿಡಬೇಕು. ಮೀಸಲು ಕಾಮಗಾರಿ ಹಿಡಿದ ನಮ್ಮವನಿಗೆ ಮುಂಗಡವೂ ಸಿಗಬೇಕು, ನಿಗದಿಯಾದ ದಿನಕ್ಕೆ ಬಿಲ್ಲೂ ಸಿಗಬೇಕು. ಆಮೇಲೂ ಹೆಸರು ಮಾರಿದರೆ ಅವನ ಲೈಸೆನ್ಸೂ ಹೋಗಬೇಕು, ಕೊಂಡ ಸಾಹುಕಾರನದೂ ಹೋಗಬೇಕು. ಕೊನೆಯ ಬಿಲ್ಲು ಪಾಸಾಗುವ ಮೊದಲು ಅಳತೆ ಪುಸ್ತಕವನ್ನು ಆ ಕಟ್ಟಡದ ಮುಂದೆಯೇ ಓದಬೇಕು.

ಕೇರಿಗೆ ತಂದ ಕಾಗದವನ್ನು ನಾವು ಆ ಒಡೆದ ಭವನದ ಕಟ್ಟೆಯ ಮೇಲೆ ಕೂತು ಓದಿ ಹೇಳಿದೆವು. ಎಷ್ಟು ಚೀಲ ಸಿಮೆಂಟು, ಎಷ್ಟು ಆಳ, ಎಷ್ಟು ಕೂಲಿ. ಕೂಲಿಯ ಸಾಲು ಬಂದಾಗ ಹೆಂಗಸರು ತಮ್ಮ ಕೈಗೆ ಬಂದದ್ದನ್ನು ಬೆರಳು ಮಡಚಿ ಎಣಿಸಿದರು. ಸುಮ್ಮನಾದರು. ಆಯಿ ಮಾತ್ರ ಕೇಳಿದಳು: "ಇಷ್ಟೆಲ್ಲಾ ಬರದಿತ್ತೇನು? ಮತ್ತ ಕಟ್ಟಾಗ ನಮಗ ಯಾರೂ ಓದಿ ಹೇಳಲಿಲ್ಲಲ್ಲ."

ಅವಳಿಗೆ ಕೊಡಲು ನಮ್ಮ ಬಳಿ ಉತ್ತರವಿರಲಿಲ್ಲ. ಓದಲು ಕಲಿತ ನಾವು ಆಗ ಎಲ್ಲಿದ್ದೆವು?

ಗೆಳೆಯರೇ, ನಿಮ್ಮ ಊರಿನಲ್ಲೂ ಬಾಬಾಸಾಹೇಬರ ಹೆಸರಿನ ಒಂದು ಭವನವಿದ್ದೀತು, ಒಂದು ಹಾಸ್ಟೆಲು, ಒಂದು ಅಂಗನವಾಡಿ ಇದ್ದೀತು. ಅದರ ಕಾಗದ ತೆಗೆಸಿರಿ. ಕಟ್ಟೆಯ ಮೇಲೆ ಕೂತು ಓದಿರಿ. ಈ ಪತ್ರಿಕೆಗೆ ಕವಿತೆ ಕಳಿಸುವಾಗ ಅದರ ಜೊತೆ ನಿಮ್ಮ ಕೇರಿಯ ಒಂದು ಅಂದಾಜುಪಟ್ಟಿಯನ್ನೂ ಕಳಿಸಿರಿ.