ಅರ್ಹತೆ ಕೇಳುವ ಧಣಿಗಳಿಗೆ

ಅರ್ಹತೆ ಅನ್ನೋ ಮಾತನ್ನ ನಾವು ಮೊದಲು ಕೇಳಿದ್ದು ಕಾಲೇಜಿನಲ್ಲಿ. ಇವರಿಗೆ ಅರ್ಹತೆ ಇಲ್ಲ, ಇವರಿಂದಲೇ ಅರ್ಹತೆ ಕೆಟ್ಟಿತು, ದೇಶ ಕೆಟ್ಟಿತು ಅಂತ ಹಿಂದಿನ ಬೆಂಚಿನವರು ಪಿಸುಗುಟ್ಟುತ್ತಿದ್ದರು. ನಾವು ತಲೆ ತಗ್ಗಿಸಿ ಓದಿದೆವು. ಕೇರಿಯಲ್ಲಿ ಮೊದಲ ಡಿಗ್ರಿ ನಮ್ಮದೇ ಆಯಿತು. ಎರಡನೇ ಸಲ ಅದೇ ಮಾತು ಕೇಳಿದ್ದು ಹೋದ ವರ್ಷ, ಆಸ್ಪತ್ರೆಯ ಕೌಂಟರಿನಲ್ಲಿ. ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ ರೇಷನ್ ಕಾರ್ಡು ಕೊಟ್ಟೆವು. ಆಚೆ ಕೂತಿದ್ದವನು ಕಂಪ್ಯೂಟರ್ ನೋಡಿದ. ಮುಖ ಎತ್ತದೆ ಹೇಳಿದ: "ನೀವು ಅರ್ಹರಲ್ಲ."

ಕಾಲೇಜಿನಲ್ಲಿ ಅಂಕ ಸಾಲದು ಅಂದರು. ಆಸ್ಪತ್ರೆಯಲ್ಲಿ ಬಡತನ ಸಾಲದು ಅಂದರು.

ನಮ್ಮಪ್ಪ ಮೂವತ್ತು ವರ್ಷ ಕಲ್ಲು ಒಡೆದವನು. ಎದೆಯ ನಾಳ ಕಟ್ಟಿಕೊಂಡಿತ್ತು. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು, ಅಲ್ಲಿ ಈ ಚಿಕಿತ್ಸೆ ನಮ್ಮಲ್ಲಿಲ್ಲ ಅಂತ ರೆಫರಲ್ ಚೀಟಿ ಬರೆದುಕೊಟ್ಟರು. ಆ ಚೀಟಿಗೇ ನಾಲ್ಕು ದಿನ. ಅದನ್ನು ಹಿಡಿದು ಪಟ್ಟಣದ ದೊಡ್ಡ ಆಸ್ಪತ್ರೆಗೆ ಬಂದರೆ ಈ ಉತ್ತರ. ಆಗ ಗೊತ್ತಾಯಿತು, ನಮ್ಮ ಬಿಪಿಎಲ್ ಕಾರ್ಡು ಎಪಿಎಲ್ ಆಗಿ ಎಷ್ಟೋ ತಿಂಗಳಾಗಿದೆ ಅಂತ. ಆಹಾರ ಇಲಾಖೆಯ ಕಚೇರಿಗೆ ಓಡಿದೆವು. ಗುಮಾಸ್ತರು ನಕ್ಕರು. "ಮನೇಲಿ ಸಂಬಳದವರು ಇದೀರಂತಲ್ಲ?"

ಹೌದು ಸ್ವಾಮಿ, ಇದೀವಿ. ಗುತ್ತಿಗೆ ಕೆಲಸ, ತಿಂಗಳಿಗೆ 13,000. ವರ್ಷಕ್ಕೆ 1,56,000. ಬಿಪಿಎಲ್ ಮನೆಯ ವರಮಾನ ವರ್ಷಕ್ಕೆ 1,20,000 ದಾಟಬಾರದು. ಐದು ಜನರ ಮನೆಗೆ ಹಂಚಿ ನೋಡಿ, ತಲೆಗೆ ದಿನಕ್ಕೆ 66 ರೂಪಾಯಿ ಕೂಡ ಬರುವುದಿಲ್ಲ. ಅದನ್ನು ದಾಟಿದವರು ಈ ಸರ್ಕಾರದ ಲೆಕ್ಕದಲ್ಲಿ ಉಳ್ಳವರು.

ಕಾರ್ಡಿನ ಬಣ್ಣ ಬದಲಾದರೆ ಏನಾಗುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇವೆ. 2018ರ ಮಾರ್ಚಿಯಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಕೂಡಿಕೊಂಡಿತು. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ಗೊತ್ತುಮಾಡಿದ ದರದಲ್ಲಿ ನೂರಕ್ಕೆ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಉಳಿದ 70 ನಮ್ಮ ತಲೆ ಮೇಲೆ. ಅವ್ವ ಎರಡು ಆಡು ಮಾರಿದಳು. ಮಿಕ್ಕಿದ್ದಕ್ಕೆ ಮಹಿಳಾ ಸಂಘದ ಸಾಲ, ವಾರ ವಾರ ಕಂತು.

ಅಪ್ಪ ಮಂಚದ ಮೇಲಿಂದ ಹೇಳಿದ: "ಆ ಕೆಲ್ಸ ಬುಟ್ಬುಡು ಕಣ್ ಮಗ. ಕಾರ್ಡಾರ ಉಳ್ಕತದೆ."

ಈ ಮಾತನ್ನು ಅರಗಿಸಿಕೊಳ್ಳಲು ನಮಗೆ ಆಗಿಲ್ಲ. ಓದಿಸಲು ಕಲ್ಲು ಒಡೆದವನ ಬಾಯಲ್ಲೇ ಓದಿದ್ದು ತಪ್ಪಾಯಿತು ಅಂತ ಹೇಳಿಸಿತಲ್ಲ ಈ ವ್ಯವಸ್ಥೆ!

ಅದೇ ಊರಿನಲ್ಲಿ ಏಳು ಎಕರೆ ಖುಷ್ಕಿ ಇರುವ ಗೌಡರ ಮನೆಯಲ್ಲಿ ಬಿಪಿಎಲ್ ಕಾರ್ಡು ಇದೆ. ನಿಯಮದ ಪ್ರಕಾರವೇ ಇದೆ. ಮೂರು ಹೆಕ್ಟೇರಿನವರೆಗೆ ಒಣಭೂಮಿ ಇದ್ದರೂ ಅಡ್ಡಿಯಿಲ್ಲ. ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ, ಮಳೆ ಕೈಕೊಟ್ಟ ವರ್ಷ ಅವರೂ ಸಾಲಗಾರರೇ. ಆದರೆ ನೋಡಿ, ರಾಗಿ ಮಾರಿದ ದುಡ್ಡಿಗೆ ಚೀಟಿ ಇಲ್ಲ. ಬಡ್ಡಿಗೆ ಬಿಟ್ಟ ದುಡ್ಡಿಗೆ ಚೀಟಿ ಇಲ್ಲ. ಸಂಬಳಕ್ಕೆ ಮಾತ್ರ ಚೀಟಿ ಇದೆ. ತಲೆತಲಾಂತರದಿಂದ ನೆಲ ಸಿಗದವರು ಹಿಡಿದುಕೊಂಡದ್ದು ಸಂಬಳವನ್ನೇ ತಾನೆ? ಸರ್ಕಾರದ ಕಣ್ಣಿಗೆ ಮೊದಲು ಕಾಣುವ ಸಿರಿವಂತರು ಅದಕ್ಕೇ ನಾವು.

ಯಶಸ್ವಿನಿ ಇತ್ತಲ್ಲ ಅನ್ನುತ್ತೀರಿ. 2003ರಲ್ಲಿ ತಿಂಗಳಿಗೆ 5 ರೂಪಾಯಿ ಕಂತಿಗೆ ಆಪರೇಷನ್ ಅಂತ ಶುರುವಾದದ್ದು. 2018ರಲ್ಲಿ ನಿಂತಿತು, ಮತ್ತೆ 2022ರಲ್ಲಿ ಎದ್ದಿತು. ಒಳ್ಳೆಯ ಕೆಲಸವೇ. ಆದರೆ ಅದು ಸಹಕಾರ ಸಂಘದ ಸದಸ್ಯರಿಗೆ. ಸಂಘಕ್ಕೆ ಸೇರಲು ಹಾಲು ಹಾಕಬೇಕು, ಹಾಲಿಗೆ ಹಸು ಬೇಕು, ಹಸುವಿಗೆ ಹುಲ್ಲು ಬೇಕು, ಹುಲ್ಲಿಗೆ ನೆಲ ಬೇಕು. ನಮ್ಮ ಮನೆಯ ಹಾಲನ್ನು ಡೈರಿ ಕ್ಯಾನಿಗೆ ಸುರಿಯಗೊಡದ ಊರುಗಳೂ ಇದ್ದವು ಅನ್ನುವುದನ್ನು ಇಲ್ಲಿ ಬೆಳೆಸುವುದಿಲ್ಲ.

ಇನ್ನು ಹೆಬ್ಬೆರಳಿನ ಕತೆ. ಕಾರ್ಡು ಸರಿಮಾಡಿಸಬೇಕಾದರೆ ಮನೆಮಂದಿಯೆಲ್ಲ ಬೆರಳು ಒತ್ತಬೇಕು. ಅಪ್ಪನ ಬೆರಳನ್ನು ಯಂತ್ರ ಒಪ್ಪಲಿಲ್ಲ. ಒರೆಸಿ ಒತ್ತು ಅಂದರು, ಎಣ್ಣೆ ಹಚ್ಚಿ ಒತ್ತು ಅಂದರು, ನಾಳೆ ಬಾ ಅಂದರು. ಕಲ್ಲಿಗೆ ಸವೆದ ಬೆರಳಲ್ಲಿ ಗೆರೆ ಎಲ್ಲಿಂದ ತರೋಣ? ನಮ್ಮ ಹೆಬ್ಬೆರಳು ಕೇಳುವ ಚಾಳಿ ಈ ದೇಶಕ್ಕೆ ಹಳೆಯದು. ಆಗ ಕೊಯ್ದು ಕೊಡು ಅಂದರು, ಈಗ ಯಾಕೆ ಸವೆಸಿದೆ ಅನ್ನುತ್ತಾರೆ.

ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1944ರಲ್ಲಿ, ಕಾರ್ಖಾನೆ ಕೆಲಸಗಾರರ ಆರೋಗ್ಯ ವಿಮೆಯ ಬಗ್ಗೆ ಅಡಾರ್ಕರ್ ವರದಿ ಬಂತು. ಅದರ ಬೆನ್ನಿಗೆ 1948ರಲ್ಲಿ ಇಎಸ್‌ಐ ಕಾಯಿದೆ. ಅದರ ಗುಣ ನೋಡಿ: ನೀನು ಎಷ್ಟು ಬಡವ ಅಂತ ಅದು ಕೇಳಲಿಲ್ಲ. ದುಡಿಯುತ್ತೀಯಾ, ನಿನ್ನ ಕೂಲಿಯಿಂದ ಒಂದು ಪಾಲು, ಧಣಿಯಿಂದ ದೊಡ್ಡ ಪಾಲು, ಕಾಯಿಲೆ ಬಿದ್ದರೆ ಆಸ್ಪತ್ರೆ ನಿನ್ನ ಹಕ್ಕು ಅಂದಿತು. 1946ರ ಭೋರ್ ಸಮಿತಿಯಂತೂ ದುಡ್ಡಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂದಿತ್ತು. ಹಕ್ಕು ಅಂದದ್ದು ಅರ್ಹತೆ ಆದದ್ದು ಆಮೇಲೆ. ಹೊಲದ ಕೂಲಿಯನ್ನು ಇಎಸ್‌ಐ ಕಾಯಿದೆ ಒಳಕ್ಕೆ ಕರೆಯಲಿಲ್ಲ ಅನ್ನುವುದೂ ನಿಜ.

ನಮ್ಮನ್ನು ಕರೆದಿತ್ತು. ನಮ್ಮ ಸಂಬಳದಲ್ಲಿ ಪ್ರತಿ ತಿಂಗಳೂ 98 ರೂಪಾಯಿ ಇಎಸ್‌ಐ ಅಂತ ಏಜೆನ್ಸಿಯವರು ಹಿಡಿದುಕೊಂಡರು. ಕಟ್ಟಿದ್ದರೆ ನಮ್ಮನ್ನೇ ನಂಬಿದ ಅಪ್ಪ ಅವ್ವನಿಗೂ ಸಲ್ಲಬೇಕಿತ್ತು. ನಂಬರು ಕೊಡಿ ಅಂದೆವು. ಹದಿನಾಲ್ಕು ತಿಂಗಳಿಂದ ನಾಳೆ ಬಾ. ಅಂದರೆ ಬಿಪಿಎಲ್ ಕಿತ್ತುಕೊಳ್ಳಲು ನಮ್ಮ ಸಂಬಳ ನಿಜ, ಇಎಸ್‌ಐ ಕೊಡಲು ನಮ್ಮ ಸಂಬಳ ಸುಳ್ಳು!

ಕೌಂಟರಿನವನಿಗೆ ಆರೋಗ್ಯಮಿತ್ರ ಅಂತ ಹೆಸರು. ಅವನ ಮೇಲೆ ಸಿಟ್ಟು ಮಾಡಿ ಹೊರಗೆ ಬಂದ ಮೇಲೆ ಟೀ ಅಂಗಡಿಯಲ್ಲಿ ಅವನೇ ಸಿಕ್ಕಿದ. ಅವನೂ ಗುತ್ತಿಗೆಯವನಂತೆ. ಅವನ ಮನೆಯ ಕಾರ್ಡೂ ಹೋಗಿದೆಯಂತೆ. ಟೀ ದುಡ್ಡು ಅವನೇ ಕೊಟ್ಟ.

2024ರ ನವೆಂಬರಿನಲ್ಲಿ ಕಾರ್ಡುಗಳನ್ನು ಸಾಲುಸಾಲಾಗಿ ರದ್ದು ಮಾಡಿದರು. ಕೂಗೆದ್ದ ಮೇಲೆ ವಾಪಸು ಕೊಡುತ್ತೇವೆ ಅಂದರು. ಕೂಗಿದರೆ ಕಿವಿ ಕೇಳಿಸುತ್ತದೆ ಅನ್ನುವುದಂತೂ ಗೊತ್ತಾಯಿತು. ನಿಜವಾದ ಕಳ್ಳ ಕಾರ್ಡುಗಳಿಲ್ಲವೇ ಅಂತ ಕೇಳುವ ಬುದ್ಧಿವಂತರಿದ್ದಾರೆ. ಇವೆ. ಹಿಡೀರಿ. ನಿಮ್ಮ ಬಲೆಯಲ್ಲಿ ಕಾರು ಬಂಗಲೆ ಎಷ್ಟು ಬಿದ್ದವು, ಹದಿಮೂರು ಸಾವಿರದ ಮೀನು ಎಷ್ಟು ಬಿದ್ದವು ಅಂತ ಲೆಕ್ಕ ಕೊಡಿ.

ಬಲ್ಲವರು ಒಂದು ಉಪಾಯ ಹೇಳಿದರು. ಸಂಬಳದವರ ಹೆಸರನ್ನು ಕಾರ್ಡಿನಿಂದ ತೆಗೆಸಿಬಿಡಿ, ಬೇರೆ ಸಂಸಾರ ಅಂತ ತೋರಿಸಿ. ಆ ಮನೆಯಲ್ಲಿ ಮೊದಲು ಅಕ್ಷರ ಕಲಿತ ಹೆಸರು ನಮ್ಮದು. ಅರ್ಜಿಯಲ್ಲಿ ಅದನ್ನು ಹೊಡೆದುಹಾಕಲು ನಮ್ಮ ಕೈಯಲ್ಲೇ ಬರೆಸಿದರು. ಬರೆದೆವು. ಅಪ್ಪನಿಗೆ ಈಗ ನಾವು ಕಾಗದದ ಮೇಲೆ ಯಾರೂ ಅಲ್ಲ. ಆ ಅರ್ಜಿಯೂ ಪರಿಶೀಲನೆಯಲ್ಲೇ ಇದೆ. ಸ್ಟೆಂಟ್ ಹಾಕಿದ ಮೇಲೆ ದಿನಾ ನುಂಗುವ ಮಾತ್ರೆ, ತಪ್ಪಿಸುವಂತಿಲ್ಲ. ವಿಮೆ ಹಾಸಿಗೆ ಹಿಡಿದವರಿಗೆ, ಬಿಡುಗಡೆಯಾದ ಹದಿನೈದು ದಿನಕ್ಕೆ ಅದರ ಮಾತ್ರೆಯೂ ಮುಗಿಯುತ್ತದೆ. ಬಿಪಿಎಲ್ ಆಗಿದ್ದರೂ ಇಷ್ಟೇ. ಅವ್ವ ಕಂತಿನ ದುಡ್ಡು ಒಂದು ಗಂಟಲ್ಲಿ, ಮಾತ್ರೆ ದುಡ್ಡು ಇನ್ನೊಂದು ಗಂಟಲ್ಲಿ ಕಟ್ಟಿಡುತ್ತಾಳೆ. ಆ ಗಂಟಿಂದ ಈ ಗಂಟಿಗೆ ಹೋಗುತ್ತದೆ.

ಬರುವ ಸೋಮವಾರ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೇವೆ. ಕೇರಿಯಲ್ಲಿ ಕಾರ್ಡು ಹೋದ ಒಂಬತ್ತು ಮನೆಗಳಿವೆ, ಒಂಬತ್ತೂ ಮನೆಯವರು ಬರುತ್ತಾರೆ. ಅಪ್ಪನಿಗೆ ಬೇಡ ಅಂದೆವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಕೇಳಲಿಲ್ಲ. "ನಾನ್ಯಾಕ್ ಹತ್ಲಿ? ಕೆಳಗೆ ಮರದತ್ರ ಕುಂತಿರ್ತೀನಿ. ಸಾಹೇಬ್ರೇ ಇಳ್ದು ಬರ್ಲಿ" ಅಂದ.