ಗ್ರಾಮಸಭೆ ಒಪ್ಪದೆ ನೀರಿನ ಯೋಜನೆಯ ಹಸ್ತಾಂತರ ಬೇಡ



ಊರೂರಿನ ಮನೆಗಳ ಮುಂದೆ ಜಲ ಜೀವನ್ ಮಿಷನ್‌ನ ನೀಲಿ ಪೈಪು, ನಲ್ಲಿ ಬಂದಿವೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಈ ಯೋಜನೆಯ ಗುರಿ, ತಲೆಗೆ ದಿನಕ್ಕೆ 55 ಲೀಟರ್ ಶುದ್ಧ ನೀರು. ಕರ್ನಾಟಕದಲ್ಲಿ ಅರ್ಧ ಖರ್ಚು ಕೇಂದ್ರದ್ದು, ಅರ್ಧ ರಾಜ್ಯದ್ದು. ಕೊಡ ಹೊತ್ತು ನಡೆದ ಹೆಣ್ಣುಮಕ್ಕಳಿಗೆ ಇದರ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಇಂಥ ಯೋಜನೆ ಕೆಡಬಾರದು.

ಆದರೆ ಆಗುತ್ತಿರುವುದೇನು? ಹಣ ಮೇಲಿನಿಂದ ಬರುತ್ತದೆ, ಅಂದಾಜುಪಟ್ಟಿ ಇಲಾಖೆಯಲ್ಲಿ ತಯಾರಾಗುತ್ತದೆ, ಕೆಲಸ ಗುತ್ತಿಗೆದಾರರದು. ಎಲ್ಲ ಮುಗಿಯಿತೆಂದು ಸಹಿ ಹಾಕಿಸಿಕೊಂಡು ಕಡೆಗೆ ಪಂಚಾಯಿತಿಯ ತಲೆಗೆ ಕಟ್ಟುತ್ತಾರೆ. ಎಷ್ಟೋ ಊರುಗಳಲ್ಲಿ ಅಗೆದ ಸಿಸಿ ರಸ್ತೆಗೆ ಬರೀ ಮಣ್ಣು ಸುರಿದಿದ್ದಾರೆ. ಮೊದಲ ಮಳೆಗೇ ಅದು ಕುಸಿಯುತ್ತದೆ. ತಗ್ಗಿನ ಓಣಿಯಲ್ಲಿ ನೀರು ರಭಸವಾಗಿ ಬಂದರೆ, ದಿಬ್ಬದ ಮನೆಗಳ ನಲ್ಲಿಯಲ್ಲಿ ಗಾಳಿಯಷ್ಟೇ ಬುಸುಗುಡುತ್ತದೆ. ಬೈಗುಳ ತಿನ್ನುವವರು ವಾಲ್ವ್ ತಿರುಗಿಸುವ ನೀರುಗಂಟಿ. ಯಾವ ಓಣಿ ಏರಿನಲ್ಲಿದೆ, ಯಾವ ಬೋರ್‌ವೆಲ್ ಬೇಸಿಗೆಗೆ ಕೈಕೊಡುತ್ತದೆ ಎಂಬುದು ಅವರಿಗೆ ಬಾಯಿಪಾಠ. ನಕ್ಷೆ ಬರೆಯುವಾಗ ಅವರನ್ನು ಕೇಳಿದವರು ಎಷ್ಟು ಮಂದಿ?

ಕಾನೂನು ನಮ್ಮ ಪರವಾಗಿಯೇ ಇದೆ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ, ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಕುಡಿಯುವ ನೀರೂ ಸೇರಿತು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ಅದರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಊರಿನ ಕ್ರಿಯಾ ಯೋಜನೆ ಊರಲ್ಲೇ ಆಗಬೇಕು ಎಂದು ಮಿಷನ್‌ನ ಮಾರ್ಗಸೂಚಿಯೇ ಹೇಳುತ್ತದೆ. ಕಡತದಲ್ಲಿ ಮಲಗಿರುವ ಸಮಿತಿಗಳನ್ನು ಎಬ್ಬಿಸಬೇಕು.

ಪಂಪಿನ ಕರೆಂಟ್ ಬಿಲ್, ರಿಪೇರಿ, ನೀರುಗಂಟಿಯ ಸಂಬಳ ಎಲ್ಲವೂ ಪಂಚಾಯಿತಿಯ ಮೇಲೆಯೇ ಬೀಳುತ್ತದೆ. ಬಡ ಪಂಚಾಯಿತಿ ಕರವಸೂಲಿಯಿಂದಲೇ ಇದನ್ನು ತೂಗಿಸಲಾರದು. ಕಟ್ಟುವ ಖರ್ಚನ್ನು ಹಂಚಿಕೊಂಡ ಎರಡೂ ಸರ್ಕಾರಗಳು ನಡೆಸುವ ಖರ್ಚಿನಲ್ಲೂ ಪಾಲು ಕೊಡಲಿ. ಅದು ಪ್ರತಿವರ್ಷ ಹೊತ್ತಿಗೆ ಸರಿಯಾಗಿ ಪಂಚಾಯಿತಿಯ ಖಾತೆಗೆ ಬರಲಿ.

ಮಿಷನ್‌ನ ಗಡುವನ್ನು 2028ಕ್ಕೆ ಮುಂದೂಡಿರುವುದರಿಂದ ಸರಿಪಡಿಸಲು ಇನ್ನೂ ಕಾಲವಿದೆ. ದಿಬ್ಬದ ಕೊನೆಯ ಮನೆಗೂ ನೀರು ಹತ್ತಬೇಕು, ರಸ್ತೆ ಮೊದಲಿನಂತಾಗಬೇಕು, ನೀರಿನ ಪರೀಕ್ಷಾ ವರದಿಯನ್ನು ಎಲ್ಲರೆದುರು ಓದಬೇಕು. ಅಲ್ಲಿಯವರೆಗೆ ಯಾವ ಅಧ್ಯಕ್ಷರೂ, ಯಾವ ಪಿಡಿಒ ಕೂಡ ಹಸ್ತಾಂತರಕ್ಕೆ ಸಹಿ ಹಾಕಕೂಡದು.

ಮುಂದಿನ ಗ್ರಾಮಸಭೆಗೆ ಮನೆಮಂದಿಯೆಲ್ಲ ಬನ್ನಿ. ಅಂದಾಜುಪಟ್ಟಿಯ ಪ್ರತಿ ಕೇಳಿ. ನಿಮ್ಮ ಓಣಿಗೆ ನೀರು ಬರುತ್ತಿಲ್ಲವಾದರೆ ನಡಾವಳಿ ಪುಸ್ತಕದಲ್ಲಿ ಆಕ್ಷೇಪ ಬರೆಸದೆ ಏಳಬೇಡಿ.